ಪೊಟರೆಯೊಳಗಿನ ಬಾಣಂತಿ

ಒಂದು ಕಾಡಿನಲ್ಲಿ, ಹೊಳೆ ತಿರುಗುವ ಜಾಗದಲ್ಲಿ, ಒಂದು ಮುದಿ ತಾರೆ ಮರ ಇತ್ತು. ನಾಲ್ಕು ಕರಡಿಗಳು ಕೈ ಕೈ ಹಿಡಿದು ನಿಂತರೂ ಅದರ ಬುಡವನ್ನು ತಬ್ಬಲು ಆಗುತ್ತಿರಲಿಲ್ಲ. ಕರಡಿಗಳು ಹಾಗೆಲ್ಲ ಯಾಕೆ ನಿಲ್ಲುತ್ತವೆ ಎಂದು ಕೇಳಬೇಡಿ. ಮರ ಅಷ್ಟು ದಪ್ಪ ಇತ್ತು ಎಂದು ಹೇಳಿದೆ, ಅಷ್ಟೇ.

ಆ ಮರದ ಎತ್ತರದಲ್ಲಿ ಒಂದು ಪೊಟರೆ. ಅದರೊಳಗೆ ಅರಿಶಿನಿ ಎಂಬ ಮಂಗಟ್ಟೆ ಹಕ್ಕಿ ಕೂತಿದ್ದಳು. ಮಂಗಟ್ಟೆಯನ್ನು ನೋಡಿಲ್ಲದವರಿಗೆ ಹೇಳಿಬಿಡುತ್ತೇನೆ. ಗೇಣುದ್ದದ ಬಾಗಿದ ಹಳದಿ ಕೊಕ್ಕು, ಅದರ ಮೇಲೆ ಇನ್ನೊಂದು ಕೊಕ್ಕನ್ನು ಮಗುಚಿ ಇಟ್ಟಂಥ ಕಿರೀಟ. ಹಾರಿದರೆ ರೆಕ್ಕೆಯ ಸದ್ದು ಇಡೀ ಕಣಿವೆಗೆ ಕೇಳುತ್ತದೆ.

ಈ ಹಕ್ಕಿಗಳಲ್ಲಿ ಒಂದು ಪದ್ಧತಿ ಇದೆ. ಮೊಟ್ಟೆ ಇಡುವ ಕಾಲ ಬಂತೆಂದರೆ ಹೆಣ್ಣು ಪೊಟರೆಯೊಳಗೆ ಹೋಗಿ ಬಾಗಿಲಿಗೆ ತಾನೇ ಗೋಡೆ ಕಟ್ಟಿಕೊಳ್ಳುತ್ತದೆ. ಮಣ್ಣು, ಹಣ್ಣಿನ ತಿರುಳು, ತನ್ನದೇ ಹಿಕ್ಕೆ ಎಲ್ಲ ಕಲಸಿ ಮೆತ್ತುತ್ತದೆ. ಕೊಕ್ಕಿನ ತುದಿ ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಕೂತ ಮೇಲೆ ಹಾರುವ ಗರಿಗಳೂ ಉದುರಿಹೋಗುತ್ತವೆ. ಹೊಸ ಗರಿ ಬಂದು ಮರಿ ಬಲಿಯುವ ತನಕ ಅವಳಿಗೆ ಆ ಕತ್ತಲೆ ಕೋಣೆಯೇ ಲೋಕ. ಗಂಡ ಹಣ್ಣು ತಂದು ಸೀಳಿನಲ್ಲಿ ತೂರಿಸುತ್ತಾನೆ. ನಮ್ಮ ಮನೆಗಳಲ್ಲಿ ಬಾಣಂತಿ ಕೋಣೆ ಇರುತ್ತದಲ್ಲ, ಹಾಗೆಯೇ. ವ್ಯತ್ಯಾಸ ಇಷ್ಟೇ, ಇಲ್ಲಿ ಖಾರ ಪಥ್ಯ ಮಾಡಿಕೊಡಲು ಅಮ್ಮ ಇರುವುದಿಲ್ಲ.

ಇನ್ನೊಂದು ಮಾತು. ಒಳಗಿನ ಕಸ, ಬೀಜ, ಹಿಕ್ಕೆ ಎಲ್ಲವನ್ನೂ ಅವಳು ಆ ಸೀಳಿನಿಂದಲೇ ಹೊರಗೆ ಹಾಕಬೇಕು. ಬೆನ್ನು ತಿರುಗಿಸಿ, ಗುರಿ ಹಿಡಿದು, ಪಿಚಕಾರಿ ಹೊಡೆದ ಹಾಗೆ. ನಗಬೇಡಿ. ಮುಂದೆ ಇದು ಕೆಲಸಕ್ಕೆ ಬರುತ್ತದೆ.

ಅರಿಶಿನಿಗೆ ಸೀಳಿನಿಂದ ಕಾಣುತ್ತಿದ್ದುದು ಸ್ವಲ್ಪವೇ. ಒಂದು ಕೊಂಬೆ, ತುಸು ಆಕಾಶ, ಹೊಳೆಯ ಆಚೆ ಒಂದು ಬೋಳುಗುಡ್ಡ. ಆ ಗುಡ್ಡ ಹುಟ್ಟಿದಾಗಲೇ ಬೋಳಾಗಿರಲಿಲ್ಲ. ಅವಳು ಮರಿಯಾಗಿದ್ದಾಗ ಅಮ್ಮನ ಜೊತೆ ಅಲ್ಲಿಗೆ ಹಾರಿ ಕೆಂಪು ರಾಂಪತ್ರೆ ಹಣ್ಣು ತಿಂದಿದ್ದಳು. ಆಮೇಲೆ ಮನುಷ್ಯರು ಕೊಡಲಿ ತಂದರು, ಗರಗಸ ತಂದರು, ಲಾರಿ ತಂದರು. ಈಗ ಬೆಳಿಗ್ಗೆ ಎದ್ದು ಕಣ್ಣು ಬಿಟ್ಟರೆ ಆ ಬೋಳು ತಲೆಯನ್ನೇ ನೋಡಬೇಕು. ಪಕ್ಕದಲ್ಲಿ ಎರಡು ಮರಿಗಳು ಬೋಳು ಮೈಯಲ್ಲೇ ಮುದುಡಿಕೊಂಡು ಚೀಂಗುಟ್ಟುತ್ತಿದ್ದವು. ಇವುಗಳ ಕಾಲಕ್ಕೆ ಏನು ಉಳಿದೀತು ಎಂದು ಅವಳು ಯೋಚಿಸುತ್ತಿದ್ದಳು.

ಅದೇ ಕಾಡಿನಲ್ಲಿ ಒಂದು ನರಿ ಇತ್ತು. ಬೇಟೆಯಾಡಲು ಮಹಾ ಸೋಮಾರಿ. ಆದರೆ ನಾಲಿಗೆಗೆ ಸೋಮಾರಿತನ ಇರಲಿಲ್ಲ. ಊರ ಅಂಚಿನವರೆಗೆ ಅಡ್ಡಾಡಿ ಬಂದು, ಮರದ ಕೆಳಗೆ ಕೂತು ಸುದ್ದಿ ಹೇಳುವುದೇ ಅದರ ಕಸುಬು.

“ಅರಿಶಿನಿ ತಂಗೀ, ಎದ್ದಿದ್ದೀಯಾ?”

“ಎದ್ದಿದ್ದೀನಿ ನರಿಯಣ್ಣ. ಮಲಗೋಕೆ ಮಕ್ಕಳು ಎಲ್ಲಿ ಬಿಡ್ತವೆ? ಊರ ಕಡೆ ಏನು ಸುದ್ದಿ?”

“ಏನು ಹೇಳ್ಲಿ ತಂಗಿ, ಹೇಳೋಕೆ ನಾಲಿಗೆನೇ ಬರಲ್ಲ.”

ನಾಲಿಗೆ ಬಂದೇ ಬರುತ್ತಿತ್ತು. “ಕೆಳಗಿನ ಕಾರ್ಖಾನೆಯವರು ಹೊಳೆಗೆ ಕರಿ ನೀರು ಬಿಟ್ಟಿದ್ದಾರೆ. ಮೀನೆಲ್ಲ ಹೊಟ್ಟೆ ಮೇಲಾಗಿ ತೇಲ್ತಾ ಇವೆ. ಗುಡ್ಡದ ಹಿಂದೆ ಬಂಡೆ ಸಿಡಿಸ್ತಿದ್ದಾರೆ. ರಸ್ತೆ ಪಕ್ಕ ಪ್ಲಾಸ್ಟಿಕ್ ಚೀಲ ನುಂಗಿ ಒಂದು ಕಡವೆ ಸತ್ತು ಬಿದ್ದಿದೆ. ಇನ್ನು ಈ ಕಾಡಿನ ಕತೆ ಮುಗೀತು ತಂಗಿ. ಮನುಷ್ಯ ಕಾಲಿಟ್ಟ ಕಡೆ ಹುಲ್ಲೂ ಹುಟ್ಟಲ್ಲ.”

ಸಂಜೆ ಗಂಡ ದೊಡ್ಡಕೊಕ್ಕ ಹಣ್ಣು ತಂದಾಗ ಅವಳು ಕೇಳಿದಳು. “ಏನ್ರೀ, ನರಿಯಣ್ಣ ಹೇಳೋದು ನಿಜವಾ?”

“ನಿಜ ಕಣೇ,” ಎಂದ ದೊಡ್ಡಕೊಕ್ಕ, ಏದುಸಿರು ಬಿಡುತ್ತ. “ಮೊದಲು ಈ ಕೊಂಬೆಯಿಂದ ಆ ಕೊಂಬೆಗೆ ಹಾರಿದ್ರೆ ಹಣ್ಣು ಸಿಗ್ತಿತ್ತು. ಈಗ ಕಣಿವೆ ದಾಟಿ ಕಣಿವೆಗೆ ಹೋಗಬೇಕು. ಹೊಳೆ ಕಪ್ಪಾಗಿರೋದು ನಾನೂ ನೋಡಿದೆ. ಬಾಯಿ ತೆಗಿ, ಅತ್ತಿಹಣ್ಣು ಇದೆ.”

ಹೌದು, ನರಿ ಹೇಳಿದ ಸುದ್ದಿಯಲ್ಲಿ ಸುಳ್ಳು ಇರಲಿಲ್ಲ. ಅದೇ ಅದರ ಜಾಣತನ. ಕಾರ್ಖಾನೆಯ ಮುಂದೆ ಊರವರು ಸೇರಿ ಜಗಳಕ್ಕೆ ನಿಂತದ್ದನ್ನೂ ನರಿ ಕಂಡಿತ್ತು. ಬುಟ್ಟಿ ಬುಟ್ಟಿ ಸಸಿ ಹೊತ್ತುಕೊಂಡು ಹೆಂಗಸರು ಬೋಳುಗುಡ್ಡ ಹತ್ತುವುದನ್ನೂ ಕಂಡಿತ್ತು. ಆದರೆ ಆ ಅರ್ಧವನ್ನು ದಾರಿಯಲ್ಲೇ ನುಂಗಿ, ಉಳಿದರ್ಧವನ್ನು ಮಾತ್ರ ತಂದು ಬಡಿಸುತ್ತಿತ್ತು. ಇನ್ನು ದೊಡ್ಡಕೊಕ್ಕನೋ, ಹಣ್ಣು ಹುಡುಕುವವನು. ಕೆಳಗೆ ಯಾರು ಏನು ಮಾಡುತ್ತಿದ್ದಾರೆ ಎಂದು ನೋಡಲು ಪಾಪ ಅವನಿಗೆ ಬಿಡುವೆಲ್ಲಿ?

ನರಿಗೆ ಇದರಿಂದ ಏನು ಲಾಭ? ಕೇಳಿ. ಕಾಡು ಹೋಯಿತು, ಕಾಡು ಹೋಯಿತು ಎಂದು ದಿನಾ ಕೇಳಿದ ಪ್ರಾಣಿಗಳಿಗೆ ಕೈಕಾಲೇ ಆಡದಾಯಿತು. ನಾಳೆ ಅಳಿದು ಹೋಗುವ ಕಾಡಿನಲ್ಲಿ ಇವತ್ತು ಯಾಕೆ ಗೂಡು ಎಂದು ಗೀಜಗ ಅರ್ಧ ಹೆಣೆದ ಗೂಡನ್ನು ಬಿಟ್ಟು ಹೋಯಿತು. ಅಳಿಲು ಬೀಜ ಹೂಳುವುದನ್ನು ನಿಲ್ಲಿಸಿತು. ಕಾಡುಕೋಳಿ ಕಾವು ಬಿಟ್ಟು ಎದ್ದು ಹೋಯಿತು. ಅದು ಬಿಟ್ಟುಹೋದ ಮೊಟ್ಟೆಗಳನ್ನು ತಿಂದವರು ಯಾರು ಎಂದು ಬೇರೆ ಹೇಳಬೇಕೆ? ಕಾಡು ಬಡಕಲಾಗುತ್ತಿತ್ತು, ನರಿ ಮಾತ್ರ ದುಂಡಗಾಗುತ್ತಿತ್ತು.

ಕೊನೆಗೆ ಪಕ್ಕದ ಮರದ ಮುಸುವಜ್ಜನೂ ಸಂಸಾರ ಸಮೇತ ಹೊರಟ. ಮುಸುವಜ್ಜ ಎಂದರೆ ಕರಿ ಮುಖದ ಮುದಿ ಮುಸುವ ಕೋತಿ, ಆ ಕಾಡಿಗೆಲ್ಲ ಹಿರಿಯ.

“ಬರ್ತೀನಿ ಮಗಳೇ. ಹೊಳೆ ದಾಟಿ ಎಲ್ಲಾದ್ರೂ ಹೋಗ್ತೀವಿ,” ಎಂದ.

“ಎಲ್ಲಿಗೆ ಅಜ್ಜ?”

“ಅದು ಗೊತ್ತಿಲ್ಲ,” ಎಂದು ಅಜ್ಜ ತಲೆ ಕೆರೆದುಕೊಂಡ. ಅವನ ಬಾಲ ಕೊಂಬೆಗಳ ಸಂದಿಯಲ್ಲಿ ಮರೆಯಾದಾಗ ಅರಿಶಿನಿಗೆ ಅಳು ಬಂತು. ಎಲ್ಲರಿಗೂ ಕಾಲಿದೆ, ರೆಕ್ಕೆಯಿದೆ. ಅವಳಿಗೆ ಗೋಡೆ ಇದೆ.

ನರಿಯ ಕಣ್ಣು ಮೊದಲಿನಿಂದಲೂ ಇದ್ದದ್ದು ಆ ಗೋಡೆಯ ಮೇಲೆಯೇ. ಗೋಡೆ ಇರುವ ತನಕ ಒಳಗಿನದ್ದು ಕೈಗೆ ಸಿಗುವುದಿಲ್ಲ. ಹೊರಗಿನಿಂದ ಅದನ್ನು ಒಡೆಯುವುದು ಯಾರ ಕೈಲೂ ಆಗುವುದಿಲ್ಲ. ಒಡೆದರೆ ಒಳಗಿನವಳೇ ಒಡೆಯಬೇಕು. ಗರಿಯಿಲ್ಲದ ತಾಯಿ, ಮೆತ್ತಗಿನ ಎರಡು ಮರಿ! ನೆನೆಸಿಕೊಂಡಾಗಲೆಲ್ಲ ನರಿಯ ಬಾಯಲ್ಲಿ ನೀರು ತುಂಬುತ್ತಿತ್ತು.

ಒಂದು ಬೆಳಿಗ್ಗೆ ಮರದ ಬುಡದಲ್ಲಿ ಮನುಷ್ಯರ ಸದ್ದು ಕೇಳಿಸಿತು. ಏನೋ ಉಜ್ಜಿದ ಹಾಗೆ, ಸರ್ ಸರ್. ಅರಿಶಿನಿ ಸೀಳಿಗೆ ಕಣ್ಣಿಟ್ಟಳು. ಬುಡ ಅಲ್ಲಿಂದ ಕಾಣುವುದಿಲ್ಲ. ಮರಿಗಳನ್ನು ಎದೆಯ ಕೆಳಗೆ ಒತ್ತಿಕೊಂಡು ಉಸಿರು ಬಿಗಿಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಅದರ ಹಿಂದೆಯೇ ನರಿ ಓಡಿಬಂತು.

“ತಂಗೀ, ಕೆಟ್ಟೆವು! ನಿನ್ನ ಮರಕ್ಕೆ ಬಿಳಿ ಪಟ್ಟಿ ಬಳಿದಿದ್ದಾರೆ! ಪಟ್ಟಿ ಬಿದ್ದದ್ದು ಉರುಳೋದೇ! ಗೋಡೆ ಒಡೆದು ಹೊರಗೆ ಬಾ. ಕೆಳಗೆ ಒಣ ಎಲೆ ರಾಶಿ ಹಾಕಿದ್ದೀನಿ, ಮೆತ್ತಗೆ ಬೀಳ್ತೀಯ. ಮರಿಗಳನ್ನು ನನ್ನ ಬೆನ್ನ ಮೇಲೆ ಹೊತ್ಕೊಂಡು ಹೋಗ್ತೀನಿ.”

ದೊಡ್ಡಕೊಕ್ಕ ಬಂದವನೇ ಪಟ್ಟಿಯನ್ನು ನೋಡಿ ಬಾಯಲ್ಲಿದ್ದ ಹಣ್ಣನ್ನು ಬೀಳಿಸಿಕೊಂಡ.

“ಹೌದು ಕಣೇ. ಗುಡ್ಡದ ಮರ ಕಡಿಯೋ ಮುಂಚೆನೂ ಹೀಗೇ ಗುರುತು ಹಾಕಿದ್ರು. ನಾನೇ ನೋಡಿದ್ದೆ.”

“ಯಾವ ಬಣ್ಣದ ಗುರುತು?”

“ಬಣ್ಣ…” ದೊಡ್ಡಕೊಕ್ಕ ಕೊಕ್ಕು ಕೆರೆದುಕೊಂಡ. “ನೆನಪಿಲ್ಲ ಕಣೇ. ಹಣ್ಣಿನ ಬಣ್ಣ ಕೇಳು, ಯಾವುದಾದ್ರೂ ಹೇಳ್ತೀನಿ.”

“ಹಾಗಾದ್ರೆ ಹೋಗಿ ನೋಡ್ಕೊಂಡು ಬನ್ನಿ. ಹಣ್ಣು ಒಂದು ದಿನ ತಡವಾದ್ರೆ ನಾವು ಸಾಯಲ್ಲ. ಬಿದ್ದ ಮರಗಳನ್ನೂ ನೋಡಿ, ನಿಂತ ಮರಗಳನ್ನೂ ನೋಡಿ. ನಾನು ಸೀಳಿನಲ್ಲಿ ಕೂತವಳು. ನೀವೇ ನನ್ನ ಕಣ್ಣು.”

ದೊಡ್ಡಕೊಕ್ಕ ಹಾರಿದ. ಭುಸ್ ಭುಸ್ ಎಂಬ ರೆಕ್ಕೆ ಸದ್ದು ದೂರವಾಗುವ ತನಕ ಅವಳು ಕೇಳುತ್ತಾ ಕೂತಳು. ಆ ದಿನ ಬೇಸಿಗೆ ಮಳೆಯೊಂದು ಬಂದು ಹೋಯಿತು. ಅವನು ಬರಲಿಲ್ಲ.

ಮರುದಿನ ಬಿಸಿಲೇರಿದರೂ ಬರಲಿಲ್ಲ. ಮರಿಗಳು ಹಸಿದು ಅರಚತೊಡಗಿದವು. ನರಿಗೆ ಇಂಥ ಹೊತ್ತೇ ಬೇಕಿತ್ತು.

“ಇನ್ನೂ ಯಾರಿಗೆ ಕಾಯ್ತೀಯ ತಂಗಿ? ಭಾವನನ್ನು ಮನುಷ್ಯರು ಹೊಡೆದುಹಾಕಿರ್ತಾರೆ. ಕೊಡಲಿಯವರು ಬಂದೇ ಬರ್ತಾರೆ. ಮರ ಬಿದ್ರೆ ಮರಿಗಳು ಒಳಗೇ ಜಜ್ಜಿಹೋಗ್ತವೆ. ಹೆತ್ತ ಕರುಳು ಅಂತ ಒಂದು ಇದ್ರೆ ಗೋಡೆ ಒಡಿ!”

ಆ ಮಾತು ಅವಳ ಕರುಳಿಗೇ ತಗುಲಿತು. ಕಣ್ಣು ಕತ್ತಲೆ ಬಂದು, ಏನು ಮಾಡುತ್ತಿದ್ದೇನೆಂದು ತಿಳಿಯದೆ, ಗೋಡೆಗೆ ಕೊಕ್ಕು ಬಡಿದಳು. ಟಕ್. ಟಕ್. ತಾನೇ ಎಷ್ಟೋ ದಿನ ಕೂತು ಮೆತ್ತಿದ ಗಾರೆ. ಒಂದು ಹೆಂಟೆ ಕಳಚಿ ಕೆಳಗೆ ಬಿತ್ತು. ಸೀಳು ಅಗಲವಾಯಿತು. ಅವಳು ಕತ್ತು ತೂರಿಸಿ ಮೊದಲ ಸಲ ಕೆಳಗೆ ನೋಡಿದಳು.

ಎಲೆಯ ರಾಶಿ ಎಲ್ಲೂ ಇರಲಿಲ್ಲ. ಕಲ್ಲು ತುಂಬಿದ ನೆಲ. ನರಿ ತುಟಿ ಸವರಿಕೊಳ್ಳುತ್ತಾ ನಿಂತಿತ್ತು.

ಅರಿಶಿನಿ ಕತ್ತನ್ನು ಒಳಗೆ ಎಳೆದುಕೊಂಡಳು.

“ನರಿಯಣ್ಣ, ಎಲ್ಲರೂ ಓಡಿಹೋದ್ರಲ್ಲ, ನೀನ್ಯಾಕೆ ಓಡಿಲ್ಲ?”

“ನಾನಾ? ಅದು… ನಿನ್ನ ಮೇಲಿನ ಪ್ರೀತಿ ತಂಗಿ!”

ಅಷ್ಟರಲ್ಲಿ ಮನುಷ್ಯರ ಮಾತು ಕೇಳಿಸಿತು. ನರಿ ಸರಕ್ಕನೆ ಪೊದೆಗೆ ನುಗ್ಗಿತು. ಒಬ್ಬ ಮುದುಕ, ಅವನ ಸೊಸೆ. ಮುದುಕನ ಕೈಯಲ್ಲಿ ಬಕೆಟ್, ಸೊಸೆಯ ಸೊಂಟದಲ್ಲಿ ಬುಟ್ಟಿ. ಅರಿಶಿನಿ ಮರಿಗಳ ಮೇಲೆ ಕವುಚಿಕೊಂಡಳು. ಕೊಡಲಿಯ ಏಟು ಬೀಳುವುದನ್ನೇ ಕಾದಳು.

“ಮಾವ, ನಿನ್ನೆ ಬಳಿದದ್ದು ಮಳೆಗೆ ಅರ್ಧ ತೊಳೆದು ಹೋಗಿದೆ ನೋಡಿ!”

“ಶ್! ಸ್ವರ ಇಳಿಸು ಮಾರಾಯ್ತಿ,” ಎಂದ ಮುದುಕ. “ಒಳಗೆ ಬಾಣಂತಿ ಇದ್ದಾಳೆ.”

ಅರಿಶಿನಿ ಕಣ್ಣು ಪಿಳಿಪಿಳಿ ಬಿಟ್ಟಳು. ಬಾಣಂತಿಯೇ? ಅಂದದ್ದು ನನ್ನನ್ನೇ?

“ಅಯ್ಯೋ, ಮರ್ತೇಹೋಯ್ತು ಮಾವ.” ಸೊಸೆ ಪಿಸುಗುಟ್ಟಿದಳು. “ಈ ಸಲ ಗಟ್ಟಿ ಬಣ್ಣ ಬಳಿಯುವ.”

“ಹೌದು. ಗೂಡಿದ್ದ ಮರ ಅಂತ ದೂರದಿಂದಲೇ ಕಾಣಬೇಕು. ಕೊಡಲಿ ಹಿಡಿದು ಬಂದವ ಪಟ್ಟಿ ನೋಡಿ ಹಾಗೇ ತಿರುಗಿ ಹೋಗಬೇಕು.”

ಸೊಸೆ ಮರದ ಬುಡದಲ್ಲಿ ಕೂತು ಏನನ್ನೋ ಹೆಕ್ಕತೊಡಗಿದಳು. “ಮಾವ, ರಾಂಪತ್ರೆ ಬೀಜ! ಎಷ್ಟೊಂದು ಮೊಳಕೆ ಒಡೆದಿದೆ!”

“ಅವಳೇ ಹಾಕಿದ್ದು. ನಾವು ಬಿತ್ತಿದ ಬೀಜ ಹುಟ್ಟಿದ್ರೆ ಹುಟ್ಟಿತು, ಇಲ್ಲದಿದ್ರೆ ಇಲ್ಲ. ಅವಳ ಹೊಟ್ಟೆಗೆ ಹೋಗಿ ಬಂದದ್ದು ಹೇಗೆ ಎದ್ದು ನಿಂತಿದೆ ನೋಡು. ಜೋಪಾನವಾಗಿ ಹೆಕ್ಕು. ಗುಡ್ಡಕ್ಕೆ ಇವೇ ಆಗಬೇಕು.”

“ಆ ಗುಡ್ಡ ಮತ್ತೆ ಕಾಡಾಗ್ತದಾ ಮಾವ?”

ಮುದುಕ ಒಂದು ಮೊಳಕೆಯನ್ನು ಬುಟ್ಟಿಗೆ ಹಾಕಿದ. “ಬೋಳಿಸಿದ್ದು ನಾವು ಮನುಷ್ಯರೇ ಅಲ್ವಾ? ಇನ್ಯಾರು ಬಂದು ನೆಟ್ಟುಕೊಡ್ತಾರೆ?” ಎಂದ. ಆಮೇಲೆ ಬಣ್ಣ ಕಲಸಲು ನೀರು ಬೇಕೆಂದು, ಬಣ್ಣದ ಬಕೆಟ್ಟನ್ನು ಬುಡದಲ್ಲೇ ಇಟ್ಟು, ಕುಂಚ, ಚೊಂಬು ಹಿಡಿದು, ಇಬ್ಬರೂ ಹೊಳೆಗೆ ಇಳಿದರು.

ಪೊದೆ ಅಲುಗಿತು. ನರಿ ಹೊರಗೆ ಬಂತು.

“ಕೇಳಿದ್ಯಾ ತಂಗಿ? ಕೊಡಲಿ ಅಂದದ್ದು ಕೇಳಿಸ್ತಾ? ತರೋಕೆ ಹೋಗಿದ್ದಾರೆ!”

ಎಂಥ ನಾಲಿಗೆ ನೋಡಿ! ಆಡಿದ ಮಾತಿನಲ್ಲಿ ಒಂದೇ ಒಂದು ಪದವನ್ನು ಆರಿಸಿಕೊಂಡಿತ್ತು. ಇಷ್ಟು ದಿನ ತನಗೆ ಬಂದ ಸುದ್ದಿಯೆಲ್ಲ ಹೀಗೇ ಬಂದದ್ದು ಎಂದು ಅರಿಶಿನಿಗೆ ಆಗ ಹೊಳೆಯಿತು. ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಒಂದು ಉಪಾಯವೂ ಬಂತು.

“ಕೇಳಿಸ್ತು ಅಣ್ಣ, ಪೂರ್ತಿ ಕೇಳಿಸ್ತು,” ಎಂದಳು. “ಇನ್ನು ತಡ ಮಾಡಲ್ಲ. ಮೊದಲು ಮರಿಗಳನ್ನು ಕಳಿಸ್ತೀನಿ. ಕೆಳಗೆ ಕಲ್ಲಿದೆ, ಪೆಟ್ಟಾಗಬಾರದು. ನೀನು ಸರಿಯಾಗಿ ಸೀಳಿನ ಕೆಳಗೆ ನಿಂತು, ಬಾಯಿ ಅಗಲಿಸಿ, ಮೆತ್ತಗೆ ಹಿಡ್ಕೋತೀಯಾ?”

“ಓಹೋ! ಹಿಡ್ಕೊಳ್ಳದೆ ಏನು!” ನರಿ ಓಡಿಬಂದು ನಿಂತಿತು. ಮುಖ ಮೇಲೆತ್ತಿ, ಬಾಯನ್ನು ಗುಹೆಯ ಹಾಗೆ ತೆರೆಯಿತು. ಕಣ್ಣನ್ನೂ ಅಷ್ಟೇ ಅಗಲ ಬಿಟ್ಟಿತು.

“ಇನ್ನೂ ಸ್ವಲ್ಪ ಅಗಲಿಸು ಅಣ್ಣ.”

“ಆ…”

ಅರಿಶಿನಿ ಬೆನ್ನು ತಿರುಗಿಸಿದಳು. ಗುರಿ ಹಿಡಿದಳು. ಪಿಚಕಾರಿ ಹೊಡೆದಳು!

ನಿನ್ನೆಯಿಂದ ಕೂಡಿಟ್ಟದ್ದೆಲ್ಲ ಒಂದೇ ಏಟಿಗೆ ಹೋಯಿತು. ಅರ್ಧ ನರಿಯ ಬಾಯಿಗೆ, ಅರ್ಧ ಕಣ್ಣಿಗೆ. ನಡುವೆ ಒಂದು ಗಟ್ಟಿ ರಾಂಪತ್ರೆ ಬೀಜ ಟಣ್ಣನೆ ಹಲ್ಲಿಗೆ ಬಡಿಯಿತು.

“ಥೂ! ಥೂ ಥೂ! ಅಯ್ಯಯ್ಯೋ!”

ಕಣ್ಣು ಕಾಣದ ನರಿ ಮೂರು ಸುತ್ತು ಗಿರಗಿರನೆ ತಿರುಗಿ, ಬಕೆಟ್ಟಿಗೆ ಎಡವಿ, ಚೆಲ್ಲಿದ ಬಣ್ಣದಲ್ಲಿ ಹೊರಳಾಡಿತು. ಎದ್ದು ಬಿದ್ದು ಹೊಳೆಗೆ ಓಡಿ ಮುಖ ತೊಳೆದುಕೊಂಡಿತು. ಕಣ್ಣು ಬಿಟ್ಟು ನೀರಿನಲ್ಲಿ ನೋಡಿಕೊಂಡರೆ, ಹೊಟ್ಟೆಯ ಸುತ್ತ ಅಗಲವಾದ ಬಿಳಿ ಪಟ್ಟಿ!

ಆಚೆ ದಡದ ಮರದಲ್ಲಿ ಮುಸುವಜ್ಜ ಕೂತಿದ್ದ. ಎಲ್ಲಿಗೆ ಹೋಗುವುದೆಂದು ತಿಳಿಯದೆ ಅವನು ಅಲ್ಲಿಂದ ಮುಂದೆ ಹೋಗಿಯೇ ಇರಲಿಲ್ಲ.

“ಅಯ್ಯೋ ನರಿಯಣ್ಣ!” ಎಂದು ಅಜ್ಜ ಕೂಗಿದ. “ನಿನಗೂ ಪಟ್ಟಿ ಹಾಕಿಬಿಟ್ರಾ? ಪಟ್ಟಿ ಬಿದ್ದದ್ದು ಉರುಳೋದೇ ಅಂತ ನಿನ್ನೆ ನೀನೇ ಹೇಳಿದ್ಯಲ್ಲ!”

ನರಿ ಪಟ್ಟಿಯನ್ನು ನೆಕ್ಕಿ ಅಳಿಸಲು ನೋಡಿತು. ಆ ಸುಳ್ಳನ್ನು ಕಂಡಕಂಡವರಿಗೆ ಹೇಳಿ ಹೇಳಿ, ತಾನೇ ನಂಬಿಬಿಟ್ಟಿತ್ತು. ಅದೇ ಹೊತ್ತಿಗೆ ನೀರು ತುಂಬುತ್ತಿದ್ದ ಮುದುಕ ತಲೆಯೆತ್ತಿ, “ಏಯ್! ನನ್ನ ಬಣ್ಣ!” ಎಂದು ಕುಂಚ ಬೀಸಿದ. ನರಿಯ ಕಣ್ಣಿಗೆ ಆ ಕುಂಚ ಕೊಡಲಿಯ ಹಾಗೆ ಕಂಡಿತು. ಬಾಲ ಮುದುರಿಕೊಂಡು ಓಡಿತು ನೋಡಿ, ಹೊಳೆ ಬಿಟ್ಟು, ಕಾಡು ಬಿಟ್ಟು, ಇನ್ನೂ ಓಡುತ್ತಲೇ ಇರಬೇಕು. ಆ ಕಡೆ ಮತ್ತೆ ತಲೆ ಹಾಕಲಿಲ್ಲ.

ಮಧ್ಯಾಹ್ನ ಭುಸ್ ಭುಸ್ ಸದ್ದು ಕೇಳಿಸಿತು. ಅರಿಶಿನಿಗೆ ಜೀವ ಬಂತು.

“ಎಲ್ಲಿದ್ರಿ? ನನ್ನ ಪ್ರಾಣವೇ ಹೋಗಿತ್ತು!”

“ರೆಕ್ಕೆ ನೆಂದು ಹಾರೋಕೆ ಆಗಲಿಲ್ಲ ಕಣೇ. ಕೇಳಿಲ್ಲಿ. ಬಿದ್ದ ಮರಗಳ ಬೊಡ್ಡೆ ನೋಡಿದೆ. ಅಲ್ಲಿರೋದು ಕೆಂಪು ಗುರುತು. ಬಿಳಿ ಪಟ್ಟಿ ಇರೋ ಮರ ಒಂದೂ ಬಿದ್ದಿಲ್ಲ. ಎಲ್ಲದರಲ್ಲೂ ಒಂದೊಂದು ಪೊಟರೆ, ಒಳಗೆ ನಿನ್ನ ಹಾಗೆ ಒಬ್ಬೊಬ್ಬಳು. ಗುಡ್ಡದ ಮೇಲೆ ಗುಂಡಿ ತೋಡಿ ಸಸಿ ನೆಟ್ಟಿದ್ದಾರೆ, ದನ ತಿನ್ನಬಾರದು ಅಂತ ಮುಳ್ಳು ಕಟ್ಟಿದ್ದಾರೆ.” ದೊಡ್ಡಕೊಕ್ಕ ಉಸಿರು ಎಳೆದುಕೊಂಡ. “ಬಂಡೆ ಸಿಡಿಸೋದು ನಿಂತಿಲ್ಲ. ಹೊಳೆ ಕೆಳಗೆ ಇನ್ನೂ ಕಪ್ಪೇ. ಅದನ್ನೂ ಹೇಳಬೇಕಲ್ಲ.”

“ಹೇಳಿ. ಎರಡನ್ನೂ ಹೇಳಿ,” ಎಂದಳು ಅರಿಶಿನಿ. “ಈಗ ಮೊದಲು ಮಕ್ಕಳಿಗೆ ಹಣ್ಣು ಕೊಡಿ. ಆಮೇಲೆ ಒಂದಿಷ್ಟು ಹಸಿ ಮಣ್ಣು ತನ್ನಿ. ಗೋಡೆ ಮೆತ್ತಬೇಕು.”

ಅವಳು ಒಡೆದ ಗೋಡೆಯನ್ನು ಮತ್ತೆ ಕಟ್ಟಿದಳು. ಅದನ್ನು ನೋಡಿ ಮುಸುವಜ್ಜ ಸಂಸಾರ ಸಮೇತ ಹೊಳೆ ದಾಟಿ ಹಿಂದಕ್ಕೆ ಬಂದ. ಗೀಜಗ ಬಂತು. ಅಳಿಲು ಬಂತು. ಎಲ್ಲರೂ ಅವರವರ ಕೆಲಸ ಹಿಡಿದರು.

ಮುಂಗಾರು ಹತ್ತಿರ ಬಂದಾಗ ಅರಿಶಿನಿಗೆ ಹೊಸ ಗರಿ ಬಂದಿತ್ತು, ಮರಿಗಳಿಗೂ ಬಂದಿತ್ತು. ಆಗ ಅವಳು ಗೋಡೆಯನ್ನು ತಾನೇ ಒಡೆದಳು. ಈ ಸಲ ಹೆದರಿ ಅಲ್ಲ, ಹೊತ್ತು ಬಂತೆಂದು. ನಾಲ್ಕು ಜೊತೆ ರೆಕ್ಕೆಗಳ ಸದ್ದು ಕಣಿವೆಯಲ್ಲಿ ತುಂಬಿತು. ಅವಳು ನೇರ ಬೋಳುಗುಡ್ಡದ ಕಡೆ ಹಾರಿದಳು.

ಹತ್ತಿರದಿಂದ ನೋಡಿದರೆ ಗುಡ್ಡ ಪೂರ್ತಿ ಬೋಳಾಗಿರಲಿಲ್ಲ. ಮುಳ್ಳಿನ ಬೇಲಿಯೊಳಗೆ ಗೇಣುದ್ದದ ಸಸಿಗಳು ಎಲೆ ಬಿಟ್ಟಿದ್ದವು. ಆ ಎಲೆ ಯಾವುದೆಂದು ಅರಿಶಿನಿಗೆ ಕಂಡ ಕೂಡಲೇ ಗೊತ್ತಾಯಿತು. ತಾನು ಕತ್ತಲೆಯಲ್ಲಿ ಕೂತು ಅಳುತ್ತಾ ಹೊರಗೆ ಎಸೆದ ಬೀಜಗಳು! ಸಾಲಿನ ಕೊನೆಯಲ್ಲಿ ಒಂದು ಗುಂಡಿ ಖಾಲಿ ಉಳಿದಿತ್ತು. ಅವಳು ಇಳಿದು, ಅದರ ಅಂಚಿನಲ್ಲಿ ಕೂತು, ಬೆಳಿಗ್ಗೆ ನುಂಗಿದ್ದ ರಾಂಪತ್ರೆಯ ಬೀಜವನ್ನು ಅದರೊಳಗೆ ಹಾಕಿದಳು.

ಆಚೆ ಸಾಲಿನಲ್ಲಿ ಮಣ್ಣು ಎಳೆಯುತ್ತಿದ್ದ ಮುದುಕ ಸೊಸೆಯ ಕೈ ತಟ್ಟಿ ತೋರಿಸಿದ.

“ನೋಡು ಮಾರಾಯ್ತಿ, ಬಾಣಂತಿ ಎದ್ದಳು. ಎದ್ದವಳೇ ಕೆಲಸಕ್ಕೂ ಬಂದಳು!”

ನೀತಿ: ಮನುಷ್ಯನಿಂದ ಭೂಮಿ ಕೆಡುತ್ತಿರುವುದು ನಿಜ; ಕೆಡಿಸಿದ ಕೈಯೇ ಅದನ್ನು ಸರಿಮಾಡಬಲ್ಲದು ಎಂಬುದೂ ಅಷ್ಟೇ ನಿಜ. ಎಲ್ಲ ಮುಗಿಯಿತು ಎಂದು ಹೆದರಿಸುವವರ ಅರ್ಧ ಸುದ್ದಿಗೆ ಕೈಚೆಲ್ಲಿ ಕೂರದೆ, ಪೂರ್ತಿ ತಿಳಿದುಕೊಂಡು ನಮ್ಮ ಪಾಲಿನ ಬೀಜವನ್ನು ನಾವು ನೆಡಬೇಕು.